ಸೈಡ್‌ಮೌಂಟಲ್ಲಿ ಡೆಕೋ ಟ್ಯಾಂಕು, ಸ್ಟೇಜ್ ಟ್ಯಾಂಕು ಕಟ್ಟೋ ವಿಧಾನಗಳು: ಯಾವ್ದು ಯಾರಿಗೆ ಸರಿ

ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿತವ್ರಲ್ಲಿ ಕೆಲವ್ರು ಅಷ್ಟಕ್ಕೇ ಬಿಡಲ್ಲ, ದುಡ್ಡು ಕೂಡಿಟ್ಟು ಹೊರದೇಶಕ್ಕೆ ಹೋಗಿ ಸೈಡ್‌ಮೌಂಟ್ (ಟ್ಯಾಂಕನ್ನ ಬೆನ್ನಿಗಲ್ಲದೆ ಪಕ್ಕೆಗೆ ಸಿಗಿಸ್ಕೊಂಡು ಇಳಿಯೋದು) ಕಲೀತಾರೆ, ಆಮೇಲೆ ಡೆಕೋ (ಡಿಕಂಪ್ರೆಶನ್, ಅಂದ್ರೆ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗ್ಲಿ ಅಂತ ಮೇಲೆ ಬರೋವಾಗ ನಡುನಡುವೆ ನಿಂತು ಬರೋದು) ಕೋರ್ಸ್ ಅಂತ ಮುಂದುವರೀತಾರೆ. ಅವ್ರಿಗೆಲ್ಲ ಒಂದು ಹಂತದಲ್ಲಿ ಬರೋ ತಲೆನೋವು ಒಂದೇ. ಎರಡು ಮೇನ್ ಟ್ಯಾಂಕು ಎರಡು ಪಕ್ಕೇಲಿ ಚಂದ ಕೂತಿರತ್ತೆ, ಮೂರನೇದನ್ನ ಎಲ್ಲಿ ಸಿಗಿಸೋದು, ನಾಕನೇದನ್ನ ಎಲ್ಲಿ ಸಿಗಿಸೋದು? ಒಬ್ಬ ಇನ್‌ಸ್ಟ್ರಕ್ಟರ್ ಒಂದು ಥರ ಕಟ್ಟಿ ಕೊಡ್ತಾರೆ, ಇನ್ನೊಬ್ರ ಹತ್ರ ಹೋದ್ರೆ ಅದನ್ನ ಪೂರ್ತಿ ಬಿಚ್ಚಿಸಿ ಬೇರೆ ಥರ ಕಟ್ಟಿಸ್ತಾರೆ, ಎರಡೂ ಸರಿ ಇರಬಹುದು, ಯಾಕಂದ್ರೆ ಫ್ಲೋರಿಡಾ, ಮೆಕ್ಸಿಕೋದ ಗುಹೆಗಳಲ್ಲಿ ಬೆಳೆದ ಪದ್ಧತಿ ಬೇರೆ, ತೆರೆದ ಸಮುದ್ರದಲ್ಲಿ ಮುಳುಗಿದ ಹಡಗು ನೋಡೋಕೆ ಇಳಿಯೋರಿಗೆ ಬೇಕಾದ್ದು ಬೇರೆ.

ಯಾವ ರಿಗ್ (ಟ್ಯಾಂಕ್ ಕಟ್ಟಿ ಸಿಗಿಸೋ ಏರ್ಪಾಡು) ನೋಡಿದ್ರೂ ನಾನು ಮೊದಲು ಕೇಳೋದು ಇಷ್ಟೇ: ಇದನ್ನ ಒಂದೇ ಕೈಯಲ್ಲಿ, ಕಣ್ಣಲ್ಲಿ ನೋಡ್ದೆ, ಬಿಚ್ಚಿ ಮತ್ತೆ ಸಿಗಿಸೋಕೆ ಆಗತ್ತಾ? ನೀರೊಳಗೆ ಒಂದು ಕೈ ಯಾವಾಗ್ಲೂ ಬೇರೆ ಕೆಲಸಕ್ಕೆ ಹೋಗಿರತ್ತೆ, ಟಾರ್ಚ್ ಹಿಡ್ದಿರತ್ತೆ ಇಲ್ಲಾ ಲೈನ್ (ದಾರಿ ತಪ್ಪದ ಹಾಗೆ ಹಾಕಿರೋ ಹಗ್ಗ) ಹಿಡ್ದಿರತ್ತೆ ಇಲ್ಲಾ ಜೊತೆಗಾರನ ತೋಳು ಹಿಡ್ದಿರತ್ತೆ. ಎರಡು ಕೈ ಬೇಕಾಗೋ ರಿಗ್ ದಡದಲ್ಲಿ ಎಷ್ಟೇ ಚಂದ ಕಂಡ್ರೂ ನಂಗೆ ಬೇಡ. ಕೆಳಗೆ ಬರೆದಿರೋ ಎಲ್ಲಾ ಹೋಲಿಕೆನೂ ಈ ಒಂದು ಅಳತೆಗೋಲು ಇಟ್ಕೊಂಡೇ ಮಾಡಿರೋದು. ಮತ್ತೆ ಇದು ಡೆಕೋ ಕೋರ್ಸ್ ಮಾಡಿರೋರಿಗೆ, ಮಾಡ್ತಿರೋರಿಗೆ ಬರೆದಿದ್ದು. ಇದನ್ನ ಓದ್ಕೊಂಡು ಕೋರ್ಸ್ ಇಲ್ದೆ ಆಕ್ಸಿಜನ್ ಟ್ಯಾಂಕ್ ಹೊತ್ಕೊಂಡು ಇಳೀಬೇಡಿ ದಯವಿಟ್ಟು.

ಸ್ಟೇಜ್ ಬೇರೆ, ಡೆಕೋ ಬೇರೆ

ಕಟ್ಟೋ ವಿಧಾನ ಹೋಲಿಸೋ ಮುಂಚೆ ಇದು ತಲೇಲಿ ಸ್ಪಷ್ಟ ಇರ್ಬೇಕು. ಸ್ಟೇಜ್ ಅಂದ್ರೆ ಆಳದಲ್ಲಿ ಉಸಿರಾಡೋ ಗ್ಯಾಸನ್ನೇ ಹೆಚ್ಚುವರಿಯಾಗಿ ಹೊತ್ಕೊಂಡು ಹೋಗೋದು, ಮೇನ್ ಟ್ಯಾಂಕಿಗೆ ಕೈ ಹಾಕೋ ಮುಂಚೆ ಅದನ್ನ ಬಳಸ್ಕೊಂಡು, ಗುಹೆ ಆದ್ರೆ ಲೆಕ್ಕದ ಪ್ರಕಾರ ಅಷ್ಟು ಮುಗಿದ ಕೂಡ್ಲೆ ಲೈನಿಗೆ ಸಿಗಿಸಿ ಬಿಟ್ಟು ಮುಂದೆ ಹೋಗ್ತಾರೆ, ವಾಪಸ್ ಬರೋವಾಗ ಎತ್ಕೊಳ್ತಾರೆ. ಡೆಕೋ ಅಂದ್ರೆ ಮೇಲೆ ಬರೋವಾಗ ಮಾತ್ರ ಬಾಯಿಗಿಡೋ, ಆಕ್ಸಿಜನ್ ಜಾಸ್ತಿ ಇರೋ ಗ್ಯಾಸು, ಹೆಚ್ಚಾಗಿ 50% ನೈಟ್ರಾಕ್ಸ್ (ಅರ್ಧದಷ್ಟು ಆಕ್ಸಿಜನ್ ಇರೋ ಗಾಳಿ) ಇಲ್ಲಾ ಶುದ್ಧ ಆಕ್ಸಿಜನ್. 1.6 ಬಾರ್ ಪಾರ್ಶಿಯಲ್ ಪ್ರೆಶರ್ (ಉಸಿರಾಡೋ ಗ್ಯಾಸಲ್ಲಿ ಆಕ್ಸಿಜನ್ ಒಂದರದ್ದೇ ಒತ್ತಡ) ಲೆಕ್ಕದಲ್ಲಿ 50% ಅನ್ನ 21 ಮೀಟರ್‌ವರೆಗೆ, ಆಕ್ಸಿಜನ್ನ 6 ಮೀಟರ್‌ವರೆಗೆ ಮಾತ್ರ ಉಸಿರಾಡ್ಬಹುದು. 40 ಮೀಟರಲ್ಲಿ ಸುತ್ತಲ ಒತ್ತಡ 5 ಬಾರ್, ಅಲ್ಲಿ ಗೊತ್ತಿಲ್ದೆ ಆಕ್ಸಿಜನ್ ಟ್ಯಾಂಕಿನ ರೆಗ್ಯುಲೇಟರ್ (ಟ್ಯಾಂಕಿಂದ ಉಸಿರಾಡೋ ಸಾಧನ) ಬಾಯಿಗಿಟ್ರೆ ದೇಹಕ್ಕೆ ಹೋಗೋದು 5 ಬಾರ್ ಆಕ್ಸಿಜನ್, ಫಿಟ್ಸ್ ಬರತ್ತೆ, ನೀರೊಳಗೆ ಫಿಟ್ಸ್ ಬಂದ್ರೆ ಬಾಯಿಂದ ರೆಗ್ಯುಲೇಟರ್ ಬಿದ್ದು ಮನುಷ್ಯ ಮುಳುಗಿ ಹೋಗ್ತಾನೆ.

ಹಾಗಾಗಿ ಸ್ಟೇಜ್ ಟ್ಯಾಂಕಿಗೆ ಬೇಕಾದ್ದು ಬೇಗ ಬಿಚ್ಚೋಕೆ, ಬೇಗ ಹಾಕೋಕೆ ಆಗೋ ರಿಗ್. ಡೆಕೋ ಟ್ಯಾಂಕಿಗೆ ಬೇಕಾದ್ದು ಕೊನೇವರೆಗೂ ಮೈಗೆ ಅಂಟ್ಕೊಂಡಿದ್ದು, ತಪ್ಪಿ ಬಾಯಿಗೆ ಬರದ ಹಾಗೆ ಇರೋ ರಿಗ್. ಎರಡಕ್ಕೂ ಒಂದೇ ಥರ ಕಟ್ಟಿದ್ರೂ ನಡಿಯತ್ತೆ, ಆದ್ರೆ ಯಾವುದಕ್ಕೆ ಯಾವುದು ಮುಖ್ಯ ಅಂತ ಗೊತ್ತಿದ್ರೆ ಆರಿಸೋದು ಸುಲಭ.

ಟ್ಯಾಂಕು: 80 ಬೇಕಾ, 40 ಸಾಕಾ

ಉಕ್ಕಿನ ಟ್ಯಾಂಕ್ ವಿಷ್ಯ ಬೇಗ ಮುಗಿಸ್ತೀನಿ, ಡೆಕೋ ಮತ್ತೆ ಸ್ಟೇಜಿಗೆ ಅದು ಬೇಡ. ಖಾಲಿ ಆದ್ರೂ ನೀರಲ್ಲಿ ಭಾರನೇ ಇರತ್ತೆ, ಅದನ್ನ ಬಿಚ್ಚಿ ಜೊತೆಗಾರನಿಗೆ ಕೊಟ್ರೆ ನೀವು ಮೇಲೆ ಹೋಗ್ತೀರಿ ಅವ್ರು ಕೆಳಗೆ ಹೋಗ್ತಾರೆ. ಅಲ್ಯೂಮಿನಿಯಂ ನೀರಲ್ಲಿ ಹೆಚ್ಚುಕಮ್ಮಿ ತೂಕವೇ ಇಲ್ಲದ ಹಾಗೆ ನಿಲ್ಲತ್ತೆ, ಅದೇ ಅದ್ರ ದೊಡ್ಡ ಗುಣ.

ಅಲ್ಯೂಮಿನಿಯಂ 80 (80, 40 ಅನ್ನೋದು ಹಿಡಿಯೋ ಗ್ಯಾಸಿನ ಘನ ಅಡಿ ಲೆಕ್ಕ) ಅಂದ್ರೆ ಸುಮಾರು 11 ಲೀಟರ್ ಪಾತ್ರೆ, 200 ಬಾರ್ ತುಂಬಿಸಿದ್ರೆ 2200 ಲೀಟರ್ ಗ್ಯಾಸು. ದಡದಲ್ಲಿ ಖಾಲಿ ಟ್ಯಾಂಕೇ 14 ಕೆಜಿ ಹತ್ರ ತೂಗತ್ತೆ. ಒಳಗಿನ ಗ್ಯಾಸಿಗೇ ಎರಡೂವರೆ ಕೆಜಿ ಮೇಲೆ ತೂಕ ಇರತ್ತೆ, ಅದು ಖರ್ಚಾಗ್ತಾ ಹೋದ ಹಾಗೆ ಶುರುವಲ್ಲಿ ಸ್ವಲ್ಪ ಮುಳುಗ್ತಿದ್ದ ಟ್ಯಾಂಕು ಕೊನೇಲಿ ಒಂದೂವರೆ ಎರಡು ಕೆಜಿಯಷ್ಟು ಮೇಲಕ್ಕೆ ಎಳಿಯೋಕೆ ಶುರು ಮಾಡತ್ತೆ. 40 ಅಂದ್ರೆ 5.7 ಲೀಟರ್ ಆಸುಪಾಸು, 200 ಬಾರಿಗೆ 1140 ಲೀಟರ್, ಖಾಲಿ ತೂಕ 7 ಕೆಜಿ. ಇದೂ ಖಾಲಿ ಆದ್ಮೇಲೆ ಏಳತ್ತೆ, ಆದ್ರೆ ಒಂದು ಕೆಜಿ ಅಷ್ಟೇ.

ಡೆಕೋಗೆ 40 ಸಾಕಾಗತ್ತಾ ಅಂತ ಎಲ್ರಿಗೂ ಭಯ. ಒಂದು ಲೆಕ್ಕ ಹಾಕಿ ನೋಡೋಣ, ನಿಮಿಷಕ್ಕೆ 20 ಲೀಟರ್ ಉಸಿರಾಡೋರು ಅಂತ ಇಟ್ಕೊಳ್ಳಿ. 6 ಮೀಟರಲ್ಲಿ ಒತ್ತಡ 1.6 ಬಾರ್, ಅಂದ್ರೆ ನಿಮಿಷಕ್ಕೆ 32 ಲೀಟರ್, 20 ನಿಮಿಷ ನಿಲ್ಲೋದಾದ್ರೆ 640 ಲೀಟರ್, ಡೆಕೋ ಗ್ಯಾಸ್ ಯಾವಾಗ್ಲೂ ಒಂದೂವರೆ ಪಟ್ಟು ಹೊರಬೇಕು ಅನ್ನೋ ರೂಢಿ ಸೇರಿಸಿದ್ರೂ 960. 40ರಲ್ಲಿ 1140 ಇದೆ, ಸಾಕು. ಅದೇ 50%ನ 21 ಮೀಟರಲ್ಲಿ ಉಸಿರಾಡೋವಾಗ ನಿಮಿಷಕ್ಕೆ 62 ಲೀಟರ್ ಹೋಗತ್ತೆ, ಆದ್ರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ, 21ರಿಂದ 9ರವರೆಗೆ ಸರಾಸರಿ ತೆಗೆದ್ರೆ 50 ಲೀಟರ್ ಹಾಗೆ ಬೀಳತ್ತೆ, ಒಟ್ಟು ಹನ್ನೆರಡು ನಿಮಿಷದ ಸ್ಟಾಪ್ ಇದ್ರೆ 600, ಒಂದೂವರೆ ಪಟ್ಟು ಮಾಡಿದ್ರೆ 900. ಇದೂ 40ರಲ್ಲೇ ಆಯ್ತು. ಇದು ಉದಾಹರಣೆ ಲೆಕ್ಕ, ನಿಮ್ಮ ಡೈವಿಗೆ ನಿಮ್ಮ ಉಸಿರಿನ ಪ್ರಮಾಣ ಅಳೆದು ನೀವೇ ಹಾಕ್ಬೇಕು. ಒಂದೇ ಡೆಕೋ ಗ್ಯಾಸ್ ಇಟ್ಕೊಂಡು 50%ನಲ್ಲೇ 21ರಿಂದ ಮೇಲಿನವರೆಗೂ ಎಲ್ಲಾ ಮುಗಿಸ್ತೀನಿ ಅನ್ನೋರಿಗೆ 40 ಸಾಕಾಗಲ್ಲ, ಅವ್ರು 80 ತಗೊಳ್ಳೋದೇ ಸರಿ. ಸ್ಟೇಜಿಗೆ 80 ಬಿಟ್ಟು ಬೇರೆ ಯೋಚ್ನೆ ಬೇಡ, ಆಳದಲ್ಲಿ 40 ನೋಡ್ತಾ ನೋಡ್ತಾ ಖಾಲಿ ಆಗತ್ತೆ.

ಚಿಕ್ಕ ಟ್ಯಾಂಕಲ್ಲಿ ಇನ್ನೊಂದು ಅನುಕೂಲ ಇದೆ. ಸೈಡ್‌ಮೌಂಟಲ್ಲಿ ಮೇನ್ ಟ್ಯಾಂಕು ಈಗಾಗ್ಲೇ ಪಕ್ಕೆ ತುಂಬಿರತ್ತೆ, ಅದ್ರ ಮೇಲೆ ಇನ್ನೊಂದು 80 ಕೂತ್ರೆ ಕೈ ಇಳಿಬಿಡೋಕೂ ಜಾಗ ಇರಲ್ಲ, 40 ಆದ್ರೆ ಎದೆ ಮತ್ತೆ ಮೇನ್ ಟ್ಯಾಂಕಿನ ನಡುವಿನ ಸಂದಿಲಿ ಒರಗಿ ಕೂರತ್ತೆ.

ಮೈ ಕಟ್ಟೋದು: ಹಗ್ಗ, ಕ್ಲ್ಯಾಂಪು, ಕ್ಯಾಮ್ ಬ್ಯಾಂಡು

ಟ್ಯಾಂಕಿನ ಮೈಗೆ ಕೆಳಗಿನ ಕೊಕ್ಕೆ ಹೇಗೆ ಹಿಡಿಸೋದು ಅನ್ನೋದ್ರಲ್ಲಿ ಮೂರು ದಾರಿ ಇವೆ.

ಕ್ಯಾಮ್ ಬ್ಯಾಂಡ್, ಅಂದ್ರೆ ಬಕಲ್ ಇರೋ ಅಗಲದ ಪಟ್ಟಿ, ಇದು ಬಾಡಿಗೆ ಟ್ಯಾಂಕ್ ತಗೊಳ್ಳೋರಿಗೆ ಅನುಕೂಲ. ಹೋದಲ್ಲಿ ಯಾವ ಟ್ಯಾಂಕ್ ಕೊಟ್ರೂ ಎರಡು ನಿಮಿಷದಲ್ಲಿ ಬಿಗಿದು, ಡೈವ್ ಮುಗಿದ್ಮೇಲೆ ಬಿಚ್ಚಿ ಬ್ಯಾಗಿಗೆ ಹಾಕ್ಕೊಂಡು ಬರ್ಬಹುದು. ತೊಂದ್ರೆ ಏನಂದ್ರೆ ಒಣಗಿದ್ದಾಗ ಬಿಗಿಯಾಗಿದ್ದ ಪಟ್ಟಿ ನೆಂದ್ಮೇಲೆ ಸಡಿಲ ಆಗಿ ಜಾರತ್ತೆ, ಅದಕ್ಕೆ ಮೊದ್ಲೇ ನೆನೆಸಿ ಬಿಗೀಬೇಕು. ಬಕಲ್ ಕೂಡ ದಪ್ಪ, ಹಳೇ ಬಲೆ ಸಿಕ್ಕೋ ಜಾಗದಲ್ಲಿ ಅದೇ ಮೊದಲು ಸಿಕ್ಕಾಕೊಳ್ಳೋದು. ನಮ್ಮ ಕಡೆಯಿಂದ ಹೋಗೋರು ಟ್ಯಾಂಕ್ ಹೊತ್ಕೊಂಡು ವಿಮಾನ ಹತ್ತಲ್ಲ, ಎಲ್ಲಾ ಕಡೆ ಬಾಡಿಗೆದೇ, ಹಾಗಾಗಿ ಬ್ಯಾಂಡ್ ಬೇಡ ಅಂತ ನಾನು ಹೇಳಲ್ಲ.

ಎರಡನೇದು ಬರೀ ಹೋಸ್ ಕ್ಲ್ಯಾಂಪ್, ತೋಟದ ಪಂಪಿಗೆ ಪೈಪ್ ಬಿಗಿಯೋಕೆ ಹಾಕ್ತೀವಲ್ಲ ಅದೇ ಜಾತಿದು, ದೊಡ್ಡ ಸೈಜು. ಕ್ಲ್ಯಾಂಪ್ ಅಡಿಲಿ ಒಂದು ದಾರದ ಕುಣಿಕೆ ತೂರಿಸಿ ಅದಕ್ಕೆ ಬೋಲ್ಟ್ ಸ್ನ್ಯಾಪ್ (ಹೆಬ್ಬೆರಳಲ್ಲಿ ತೆರೆಯೋ ಲೋಹದ ಕೊಕ್ಕೆ) ಕಟ್ಟೋದು. ಮೇನ್ ಟ್ಯಾಂಕಿಗೆ ಬಹಳ ಜನ ಹೀಗೇ ಮಾಡೋದು, ಜಾರಲ್ಲ, ತೆಳ್ಳಗಿರತ್ತೆ. ಆದ್ರೆ ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಲಿ ಮಾಮೂಲಿ ಸಿಗೋ ಕ್ಲ್ಯಾಂಪ್ ಬರೀ ಲೇಪನ ಹಾಕಿದ ಕಬ್ಬಿಣ ಆಗಿರಬಹುದು, ಉಪ್ಪು ನೀರಿಗೆ ಬೇಗ ಬಿಡತ್ತೆ. ಕೇಳಿ 316 ಸ್ಟೇನ್‌ಲೆಸ್ ತಗೊಳ್ಳಿ, 304 ಆದ್ರೆ ಸಿಹಿನೀರಿಗೆ ಪರವಾಗಿಲ್ಲ, ಸಮುದ್ರಕ್ಕೆ 316ನೇ ಬೇಕು, ಅದ್ರಲ್ಲಿ ಮಾಲಿಬ್ಡಿನಂ ಸೇರಿರೋದ್ರಿಂದ ಉಪ್ಪಿಗೆ ತಡ್ಕೊಳ್ಳತ್ತೆ. ಸ್ಕ್ರೂ ತುದಿ, ಉಳಿದ ಪಟ್ಟಿ ತುದಿ ಎರಡೂ ಕೈ ಕೊಯ್ಯತ್ತೆ, ಮೇಲೊಂದು ಟ್ಯೂಬ್ ತುಂಡು ಏರಿಸಿಬಿಡಿ.

ಮೂರನೇದು ನನಗೆ ಡೆಕೋ, ಸ್ಟೇಜ್ ಎರಡಕ್ಕೂ ಇಷ್ಟ ಆಗೋದು, ಕ್ಲ್ಯಾಂಪ್ ಜೊತೆ ಉದ್ದದ ಹಗ್ಗ. ಇದನ್ನ ಹತ್ತಿರದಿಂದ ಹೇಳ್ತೀನಿ. ಆರು ಮಿಲಿಮೀಟರ್ ಹತ್ರದ ನೈಲಾನ್ ಹಗ್ಗ ತಗೊಂಡು ನಡುವಿಗೆ ಮಡಚಿ, ಮಡಚಿದ ಕಡೆ ಟ್ಯಾಂಕಿನ ಕತ್ತಿಗೆ ಹಾಕೋ ಕುಣಿಕೆ ಆಗತ್ತೆ. ಅದ್ರ ಕೆಳಗೆ ಮೇಲಿನ ಬೋಲ್ಟ್ ಸ್ನ್ಯಾಪಿನ ಕಣ್ಣಿಗೆ ಹಗ್ಗ ತೂರಿಸಿ ಗಂಟು, ಗಂಟಿಂದ ಕೆಳಗೆ ಎರಡೂ ಎಳೆ ಒಂದು ಪೈಪಿನೊಳಗೆ ಹೋಗತ್ತೆ, ಅದೇ ಹಿಡಿ. ಈ ಪೈಪಿಗೆ ಅಡಿಕೆಗೆ ಔಷಧಿ ಹೊಡಿಯೋ ಪೈಪಿನ ಹಳೇ ತುಂಡೇ ಸಾಕು, ಅಂಗೈ ಅಗಲಕ್ಕಿಂತ ಸ್ವಲ್ಪ ಉದ್ದ ಕೊಯ್ದು, ತುದಿ ಉಜ್ಜಿ ನುಣುಪು ಮಾಡಿ. ಪೈಪಿಂದ ಹೊರಗೆ ಬಂದ ಹಗ್ಗ ಕ್ಲ್ಯಾಂಪಿನ ಅಡಿಲಿ ಹಾದು, ಅಲ್ಲಿ ಕೆಳಗಿನ ಬೋಲ್ಟ್ ಸ್ನ್ಯಾಪ್ ಕಟ್ಕೊಂಡು ಗಂಟಾಗತ್ತೆ. ಗಂಟಿನ ತುದಿಯನ್ನ ಬೆಂಕಿ ಕಡ್ಡಿಲಿ ಕರಗಿಸಿ, ಇಲ್ಲಾಂದ್ರೆ ಉಪ್ಪು ನೀರಲ್ಲಿ ಎಳೆ ಬಿಡತ್ತೆ. ಹಗ್ಗ ಟ್ಯಾಂಕಿಗೆ ಪೂರ್ತಿ ಅಂಟ್ಕೊಂಡಿರಬಾರದು, ಗ್ಲೌಸ್ ಹಾಕಿದ ಬೆರಳು ನುಗ್ಗೋಷ್ಟು ಸಡಿಲ ಇರ್ಬೇಕು, ಹಾಗಂತ ಜೋತಾಡಲೂಬಾರದು.

ಹಗ್ಗ ಯಾಕೆ, ಸರಪಳಿ ಕೊಂಡಿ ಯಾಕಲ್ಲ ಅಂದ್ರೆ, ಕೊಕ್ಕೆ ಜಾಮ್ ಆದ್ರೆ ಚಾಕು ಹಾಕಿ ಕತ್ತರಿಸಿ ಟ್ಯಾಂಕ್ ಬಿಡಿಸ್ಕೋಬಹುದು. ಲೋಹಕ್ಕೆ ಲೋಹ ನೇರವಾಗಿ ಕಟ್ಟಿದ್ರೆ ನೀರೊಳಗೆ ಏನೂ ಮಾಡೋಕಾಗಲ್ಲ. ಈ ಒಂದು ವಿಷ್ಯದಲ್ಲಿ ರಾಜಿ ಬೇಡ. ಮತ್ತೆ ಆ ಹಿಡಿ ಇದೆಯಲ್ಲ, ದೋಣಿಯಿಂದ ಟ್ಯಾಂಕ್ ಇಳಿಸಿ ಕೊಡೋವಾಗ, ಜೊತೆಗಾರನಿಗೆ ದಾಟಿಸೋವಾಗ, ಬಂಡೆ ಮೇಲೆ ಹೊತ್ತು ನಡಿಯೋವಾಗ ಅದ್ರ ಬೆಲೆ ಗೊತ್ತಾಗತ್ತೆ, ಬರೀ ಕ್ಲ್ಯಾಂಪಿನ ಟ್ಯಾಂಕನ್ನ ವಾಲ್ವ್ ಹಿಡ್ಕೊಂಡು ಎತ್ತೋದು ವಾಲ್ವಿಗೂ ರೆಗ್ಯುಲೇಟರಿಗೂ ಒಳ್ಳೇದಲ್ಲ.

ಕೆಳಗಿನ ಕೊಕ್ಕೆ ಎಷ್ಟು ಎತ್ತರಕ್ಕೆ ಇರ್ಬೇಕು ಅನ್ನೋದಕ್ಕೆ ಸೆಂಟಿಮೀಟರ್ ಲೆಕ್ಕ ಹೇಳೋದು ಕಷ್ಟ, ನಿಮ್ಮ ಮೈ ಉದ್ದದ ಮೇಲೆ ಹೋಗತ್ತೆ. ಟ್ಯಾಂಕಿನ ಕತ್ತು ಕಂಕುಳದ ಹತ್ರ ಬಂದಾಗ ಕೆಳಗಿನ ಕೊಕ್ಕೆ ಸೊಂಟದ ಡಿ-ರಿಂಗಿಗೆ (ಮೈಗೆ ಕಟ್ಟೋ ಪಟ್ಟಿಲಿರೋ D ಆಕಾರದ ಬಳೆ) ಎಳೀದೆ, ಜೋಲದೆ ಮುಟ್ಬೇಕು. ತುಂಬಾ ಮೇಲೆ ಕಟ್ಟಿದ್ರೆ ಟ್ಯಾಂಕಿನ ತಳ ಖಾಲಿ ಆಗ್ತಾ ಆಗ್ತಾ ಬಾಲ ಎತ್ತಿದ ಕರು ಥರ ಮೇಲಕ್ಕೆ ಹೋಗತ್ತೆ. ಅದಕ್ಕೇ ಅಲ್ಯೂಮಿನಿಯಂ ಮೇನ್ ಟ್ಯಾಂಕ್ ಇರೋರು ಸೊಂಟದ ಬೆಲ್ಟಲ್ಲಿ ಜಾರೋ ಡಿ-ರಿಂಗ್ ಇಟ್ಕೊಂಡು, ಗ್ಯಾಸ್ ಕಮ್ಮಿ ಆದ ಹಾಗೆ ತಳದ ಕೊಕ್ಕೆಯನ್ನ ಹಿಂದಿನಿಂದ ಮುಂದಕ್ಕೆ ಬದಲಿಸ್ತಾರೆ. ಡೆಕೋ ಟ್ಯಾಂಕು ಸಿಗಿಸೋ ಡಿ-ರಿಂಗ್ ಅದಕ್ಕಿಂತ ಬೇರೆ ಇದ್ರೆ ಒಳ್ಳೇದು, ಒಂದೇ ರಿಂಗಿಗೆ ಎರಡು ಕೊಕ್ಕೆ ಹಾಕಿದ್ರೆ ಕತ್ತಲಲ್ಲಿ ಯಾವ್ದು ಯಾವ್ದು ಅಂತ ಬೆರಳಿಗೆ ಗೊತ್ತಾಗಲ್ಲ.

ಮೇಲಿನ ತುದಿ: ಬಂಜಿ ಇಲ್ಲಾ ಡಿ-ರಿಂಗ್

ಸೈಡ್‌ಮೌಂಟಿನ ಮೇನ್ ಟ್ಯಾಂಕನ್ನ ಕಂಕುಳಲ್ಲಿ ಹಿಡ್ಕೊಳ್ಳೋದು ಬಂಜಿ ಅನ್ನೋ ಹಿಗ್ಗೋ ಹಗ್ಗ, ಬೆನ್ನಿಂದ ಬಂದು ವಾಲ್ವಿಗೆ ಸುತ್ಕೊಳ್ಳತ್ತೆ. ಬಹಳ ಜನ ಡೆಕೋ ಟ್ಯಾಂಕನ್ನೂ ಅದೇ ಬಂಜಿಗೆ ಸೇರಿಸ್ತಾರೆ, ಇಲ್ಲಾ ಇನ್ನೊಂದು ಬಂಜಿ ಹಾಕ್ತಾರೆ. ಹೀಗೆ ಮಾಡಿದ್ರೆ ನೋಡೋಕೆ ಚಂದ, ಟ್ಯಾಂಕು ಮೈಗೆ ಒತ್ಕೊಂಡು ಸಪೂರ ಇರತ್ತೆ, ಇಕ್ಕಟ್ಟು ಗುಹೇಲಿ ನುಗ್ಗೋಕೆ ಇದೇ ಬೇಕು. ಇಂಗ್ಲೆಂಡಿನ ಗುಹೆ ಡೈವರ್‌ಗಳು 1960ರ ದಶಕದಲ್ಲಿ ಟ್ಯಾಂಕನ್ನ ಬೆನ್ನಿಂದ ಪಕ್ಕೆಗೆ ತಂದಿದ್ದೇ ತೆವಳಿ ಹೋಗೋ ಸಂದಿಗೆ ಅಂತ, ಹಾಗಾಗಿ ಮೈಗೆ ಒತ್ಕೊಂಡಿರ್ಬೇಕು ಅನ್ನೋದು ಸೈಡ್‌ಮೌಂಟಿನ ಹುಟ್ಟುಗುಣ.

ಆದ್ರೆ ಬಂಜಿ ಒಂದರ ಮೇಲೊಂದು ಸುತ್ತಿದಾಗ ಅಡಿಲಿ ಸಿಕ್ಕೋದು ಮೇನ್ ಟ್ಯಾಂಕು. ಮೇನ್ ಟ್ಯಾಂಕಿನ ರೆಗ್ಯುಲೇಟರ್ ಸೋರೋಕೆ ಶುರು ಆಯ್ತು ಅಂತ ಇಟ್ಕೊಳ್ಳಿ, ತಕ್ಷಣ ಆ ವಾಲ್ವ್ ತಿರುಗಿಸಿ ಬಂದ್ ಮಾಡ್ಬೇಕು, ಸೈಡ್‌ಮೌಂಟ್ ಮಾಡೋದೇ ಆ ವಾಲ್ವ್ ಕಣ್ಣೆದುರಿಗೆ ಕೈಗೆ ಸಿಗತ್ತೆ ಅಂತ, ಅದ್ರ ಮೇಲೆ ಇನ್ನೊಂದು ಟ್ಯಾಂಕಿನ ತಲೆ ಕೂರಿಸಿ ಮುಚ್ಚಿದ್ರೆ ಆ ಅನುಕೂಲನೇ ಹೋಯ್ತು. ಮತ್ತೆ ಬಂಜಿ ಎಳೆದು ವಾಲ್ವಿಗೆ ಸುತ್ತೋಕೆ ಕೆಲವರಿಗೆ ಎರಡು ಕೈ ಬೇಕಾಗತ್ತೆ.

ಹಾಗಾಗಿ ನನ್ನ ಆಯ್ಕೆ, ಡೆಕೋ ಮತ್ತೆ ಸ್ಟೇಜ್ ಟ್ಯಾಂಕಿನ ಮೇಲಿನ ಬೋಲ್ಟ್ ಸ್ನ್ಯಾಪ್ ನೇರ ಎದೆಯ ಡಿ-ರಿಂಗಿಗೆ. ಇದು ಸ್ವಲ್ಪ ಕೆಳಗೆ ಜೋಲತ್ತೆ ನಿಜ, ಬಂಜಿಯಷ್ಟು ಒತ್ಕೊಂಡಿರಲ್ಲ, ಆದ್ರೆ ಒಂದು ಹೆಬ್ಬೆರಳಲ್ಲಿ ಬಿಚ್ಚತ್ತೆ, ಒಂದು ಹೆಬ್ಬೆರಳಲ್ಲಿ ಕೂರತ್ತೆ, ಮೇನ್ ವಾಲ್ವಿಗೆ ಅಡ್ಡ ಬರಲ್ಲ. ಕತ್ತಿನ ಕುಣಿಕೆ ಗಿಡ್ಡ ಮಾಡಿದಷ್ಟೂ ಟ್ಯಾಂಕು ಮೇಲೆ ಬರತ್ತೆ, ಜೋಲೋದು ಕಮ್ಮಿ ಆಗತ್ತೆ, ಆದ್ರೆ ತುಂಬಾ ಗಿಡ್ಡ ಮಾಡಿದ್ರೆ ಕೊಕ್ಕೆ ಫಸ್ಟ್ ಸ್ಟೇಜಿಗೆ (ವಾಲ್ವಿಗೆ ಕೂರೋ ರೆಗ್ಯುಲೇಟರ್ ಭಾಗ) ತಾಗಿ ಬೆರಳು ಹೋಗಲ್ಲ, ಒಂದು ಮುಷ್ಟಿ ಅಂತರ ಇಟ್ಟು ಶುರು ಮಾಡಿ, ಆಮೇಲೆ ನೀರಲ್ಲಿ ನೋಡಿ ಬದಲಿಸ್ಕೊಳ್ಳಿ. ನಿಜವಾಗ್ಲೂ ಇಕ್ಕಟ್ಟಿನ ಗುಹೆಗೇ ಹೋಗೋರು ಬಂಜಿನೇ ಕಲೀಲಿ, ಉಳಿದವ್ರಿಗೆ ಅದ್ರ ಅಗತ್ಯ ಇಲ್ಲ.

ವಾಲ್ವಿನ ಬಗ್ಗೆ ಒಂದೇ ಮಾತು, ಡಿನ್ (ರೆಗ್ಯುಲೇಟರ್ ವಾಲ್ವಿನೊಳಗೆ ತಿರುಪಿ ಕೂರೋ ಜಾತಿ) ಇರ್ಲಿ. ಯೋಕ್ (ವಾಲ್ವನ್ನ ಹೊರಗಿಂದ ಕ್ಲ್ಯಾಂಪ್ ಥರ ಹಿಡಿಯೋ) ರೆಗ್ಯುಲೇಟರ್ ಬಂಡೆಗೆ ಬಡಿದ್ರೆ ಸೋರದ ಹಾಗೆ ತಡಿಯೋ ಓ-ರಿಂಗ್ ಜಾರಬಹುದು, ಡಿನ್ ತಿರುಪಿ ಒಳಗೇ ಕೂತಿರತ್ತೆ. ವಾಲ್ವಿನ ಒಳಗೆ ಯೋಕಿಗೆ ಅಂತ ಹಾಕಿರೋ ಇನ್ಸರ್ಟ್ ಇದ್ರೆ ಅಲೆನ್ ಕೀಲಿ ಬಿಚ್ಚಿದ್ರೆ ಡಿನ್ ಆಗತ್ತೆ.

ಯಾವ ಪಕ್ಕಕ್ಕೆ

ಎಲ್ಲರೂ ಜಗಳ ಆಡೋದು ಇಲ್ಲೇ. ಎರಡು ಡೆಕೋ ಟ್ಯಾಂಕನ್ನೂ ಎಡಕ್ಕೆ ಹಾಕೋರು ಒಂದು ಕಡೆ, ಎಡಕ್ಕೊಂದು ಬಲಕ್ಕೊಂದು ಹಾಕೋರು ಇನ್ನೊಂದು ಕಡೆ, ಅದ್ರಲ್ಲೂ ಆಕ್ಸಿಜನ್ ಜಾಸ್ತಿ ಇರೋದು ಬಲಕ್ಕೆ, ಕಮ್ಮಿ ಇರೋದು ಎಡಕ್ಕೆ ಅಂತ ಒಂದು ಹಳೇ ನಿಯಮ ಇದೆ.

ಎಡಕ್ಕೊಂದು ಬಲಕ್ಕೊಂದು ಹಾಕಿದ್ರೆ ತೂಕ ಸಮ, ಮೈ ಒಂದು ಕಡೆ ವಾಲಲ್ಲ, ಯಾವ ಗ್ಯಾಸ್ ಎಲ್ಲಿದೆ ಅಂತ ಪಕ್ಕ ನೋಡಿದ್ರೇ ಗೊತ್ತು. ಇದು ಸೈಡ್‌ಮೌಂಟಿನ ಸ್ವಭಾವಕ್ಕೆ ಹೊಂದತ್ತೆ. ಆದ್ರೆ ಬಹಳ ಸೈಡ್‌ಮೌಂಟ್ ಸೆಟಪ್ಪಲ್ಲಿ 2.1 ಮೀಟರಿನ ಲಾಂಗ್ ಹೋಸ್ ಬರೋದು ಬಲಗಡೆ ಮೇನ್ ಟ್ಯಾಂಕಿಂದ, ಟ್ಯಾಂಕಿನ ಪಕ್ಕಕ್ಕೇ ಮಡಚಿ ಸಿಗಿಸಿರ್ತೀವಿ, ಜೊತೆಗಾರನಿಗೆ ಗ್ಯಾಸ್ ಮುಗಿದಾಗ ಎಳೆದು ಕೊಡೋದು ಅದನ್ನೇ. ಬಲಕ್ಕೊಂದು ಡೆಕೋ ಟ್ಯಾಂಕು ಅದ್ರ ಮೇಲೆ ಕೂತ್ರೆ ಆ ಹೋಸು ಅಡಿಲಿ ಸಿಕ್ಕಾಕೊಳ್ಳೋ ಸಾಧ್ಯತೆ ಇದೆ. ಉಸಿರು ಬೇಕಾದವನಿಗೆ ಅರ್ಧ ಮೀಟರ್ ಹೋಸ್ ಮಾತ್ರ ಸಿಕ್ರೆ ಇಬ್ರೂ ಕಷ್ಟಕ್ಕೆ ಬೀಳ್ತಾರೆ.

ಎರಡೂ ಎಡಕ್ಕೆ ಹಾಕಿದ್ರೆ ಬಲಗಡೆ ಪೂರ್ತಿ ಖಾಲಿ, ಲಾಂಗ್ ಹೋಸ್ ನಿರಾಳ. ಆದ್ರೆ ಎಡಕ್ಕೆ ವಾಲತ್ತೆ, ಅದಕ್ಕಿಂತ ಮುಖ್ಯವಾಗಿ ಎರಡು ಡೆಕೋ ಗ್ಯಾಸು ಒಂದರ ಪಕ್ಕ ಒಂದು ಕೂತಿರತ್ತೆ, ಆಕ್ಸಿಜನ್ನೂ 50%ನೂ ಕೈಗೆ ಒಂದೇ ಥರ ಸಿಗತ್ತೆ.

ನನ್ನ ಮಟ್ಟಿಗೆ ಒಂದೇ ಡೆಕೋ ಟ್ಯಾಂಕ್ ಇದ್ರೆ ಎಡಕ್ಕೆ, ಚರ್ಚೆನೇ ಬೇಡ. ಎರಡು 40 ಇದ್ರೂ ಎಡಕ್ಕೇ ಹಾಕಿ ಸಂಭಾಳಿಸಬಹುದು, ಆಗ ಆಕ್ಸಿಜನ್ನ ಒಳಗೆ, ಎದೆ ಕಡೆ ಇಟ್ಟು, ಮೊದಲು ಬೇಕಾಗೋ 50%ನ ಹೊರಗೆ ಇಡೋದು, ಆಳದಲ್ಲಿ ಆಕ್ಸಿಜನ್ ಅಷ್ಟು ಸುಲಭಕ್ಕೆ ಕೈಗೆ ಸಿಗಲೇಬಾರದು. ಎರಡು 80 ಆದ್ರೆ ಎಡಕ್ಕೊಂದು ಬಲಕ್ಕೊಂದು ಹಾಕದೆ ಬೇರೆ ದಾರಿ ಇಲ್ಲ, ಆಗ ಪ್ರತಿ ಸಲ ಟ್ಯಾಂಕ್ ಸಿಗಿಸಿದ ಕೂಡ್ಲೆ ಲಾಂಗ್ ಹೋಸನ್ನ ಪೂರ್ತಿ ಹೊರಗೆ ಎಳೆದು ನೋಡಿ ಮತ್ತೆ ಮಡಚಿ ಇಡೋ ಅಭ್ಯಾಸ ಕಡ್ಡಾಯ. ಬರೀ ಕಣ್ಣಲ್ಲಿ ನೋಡಿ ಸರಿ ಇದೆ ಅನ್ಕೋಬೇಡಿ, ಎಳೆದೇ ನೋಡ್ಬೇಕು. ಮತ್ತೆ ಯಾವ ಪದ್ಧತಿ ಆರಿಸಿದ್ರೂ ಜೊತೆಗೆ ಇಳಿಯೋ ಇಬ್ರದ್ದೂ ಒಂದೇ ಇರ್ಬೇಕು, ನಿಮ್ಮ ಆಕ್ಸಿಜನ್ ಬಲಕ್ಕೆ ಅವ್ರದ್ದು ಎಡಕ್ಕೆ ಅಂದ್ರೆ ತೊಂದ್ರೆ ಬಂದಾಗ ಅವ್ರ ಕೈ ತಪ್ಪು ಕಡೆಗೇ ಹೋಗೋದು.

ಮುಂದೆ ಹೊರೋದು, ಹಿಂದೆ ಎಳ್ಕೊಂಡು ಹೋಗೋದು, ಬಿಟ್ಟು ಹೋಗೋದು

ಮೂರು ನಾಕು ಟ್ಯಾಂಕ್ ಹೊರೋ ಗುಹೆ ಡೈವರ್‌ಗಳು ಖಾಲಿ ಆದ ಸ್ಟೇಜನ್ನ ಒಂದು ಗಿಡ್ಡ ಹಗ್ಗಕ್ಕೆ ಹಾಕಿ ಹಿಂದಿನ ಡಿ-ರಿಂಗಿಗೆ ಸಿಗಿಸಿ ಎಳ್ಕೊಂಡು ಹೋಗ್ತಾರೆ, ಅಲ್ಯೂಮಿನಿಯಂ ಆದ್ರಿಂದ ಕಾಲ ನಡುವೆ ತೇಲ್ತಾ ಬರತ್ತೆ. ಮುಂದೆ ಜಾಗ ಖಾಲಿ ಆಗತ್ತೆ, ನೀರೊಳಗೆ ಎಳ್ಕೊಂಡು ಹೋಗೋ ಮೋಟಾರ್ ಸ್ಕೂಟರ್ ಓಡಿಸೋರಿಗೆ ಇದು ಬಹಳ ಅನುಕೂಲ. ಆದ್ರೆ ತುಂಬಿದ ಟ್ಯಾಂಕನ್ನ ಹೀಗೆ ಹಾಕಿದ್ರೆ ತಳದ ಕೆಸರು ಕೆರೀತಾ ಬರತ್ತೆ, ಹಿಂದೆ ಬರೋರಿಗೆ ಏನೂ ಕಾಣಲ್ಲ, ಮತ್ತೆ ಕಣ್ಣಿಗೆ ಕಾಣದ ಟ್ಯಾಂಕಿನ ವಾಲ್ವು ಬಂಡೆಗೆ ಉಜ್ಜಿ ತಿರುಗಿದ್ರೂ ಗೊತ್ತಾಗಲ್ಲ. ಡೆಕೋ ಗ್ಯಾಸನ್ನ ಯಾವತ್ತೂ ಹಿಂದಕ್ಕೆ ಹಾಕಬೇಡಿ, ಅದ್ರ ಮೇಲೆ ಬರೆದಿರೋ ಅಂಕಿ ಓದದೆ ಗ್ಯಾಸ್ ಬದಲಿಸೋ ಹಾಗಿಲ್ಲ, ಬೆನ್ನ ಹಿಂದೆ ಇರೋದನ್ನ ಓದೋದು ಹೇಗೆ.

ಬಿಟ್ಟು ಹೋಗೋದರಲ್ಲಿ ನಿಯಮ ಸರಳ. ಹೋದ ದಾರೀಲೇ ಖಂಡಿತ ವಾಪಸ್ ಬರೋ ಜಾಗ ಆದ್ರೆ, ಅಂದ್ರೆ ಲೈನ್ ಹಾಕಿದ ಗುಹೆ ಆದ್ರೆ, ಆಕ್ಸಿಜನ್ ಟ್ಯಾಂಕನ್ನ 6 ಮೀಟರಲ್ಲೇ ಲೈನಿಗೆ ಸಿಗಿಸಿಟ್ಟು ಹೋಗೋದು ಹೊತ್ಕೊಂಡು ಹೋಗೋದಕ್ಕಿಂತ ಒಳ್ಳೇದು, ಆಳಕ್ಕೆ ಹೋಗದ ಗ್ಯಾಸನ್ನ ಆಳದಲ್ಲಿ ತಪ್ಪಿ ಉಸಿರಾಡೋಕೆ ಸಾಧ್ಯನೇ ಇಲ್ಲ. ತೆರೆದ ಸಮುದ್ರದಲ್ಲಿ ಮಾತ್ರ ಎಲ್ಲಾ ಡೆಕೋ ಗ್ಯಾಸ್ ಮೈಮೇಲೇ ಇರ್ಬೇಕು, ಸೆಳೆತ ಯಾವ ಕಡೆ ಒಯ್ಯತ್ತೋ ಗೊತ್ತಿಲ್ಲ, ಹಗ್ಗಕ್ಕೆ ವಾಪಸ್ ಬರೋಕೆ ಆಗ್ದೇ ಇರಬಹುದು.

ಹೋಸ್ ಮಡಚೋದು, ಅಂಕಿ ಬರಿಯೋದು

ಹೋಸನ್ನ ಟ್ಯಾಂಕಿಗೆ ಒತ್ತಿ ಇಡೋಕೆ ಅಂಗಡೀಲಿ ಸಿಗೋ ಬಂಜಿ ಉಂಗುರ ಇದೆ, ಪಂಕ್ಚರ್ ಅಂಗಡೀಲಿ ಬಿಸಾಕೋ ಟ್ಯೂಬ್ ಕೊಯ್ದು ಮಾಡೋ ರಬ್ಬರ್ ಪಟ್ಟಿನೂ ಇದೆ. ಟ್ಯೂಬಿನ ಪಟ್ಟಿ ಅಗಲ ಇರತ್ತೆ, ಹೋಸ್ ಗಟ್ಟಿ ಹಿಡಿಯತ್ತೆ, ಜೋರಾಗಿ ಎಳೆದ್ರೆ ಹರಿದು ಬಿಟ್ಕೊಡತ್ತೆ, ದುಡ್ಡೂ ಇಲ್ಲ. ಬಂಜಿ ಉಂಗುರ ಗ್ಲೌಸ್ ಕೈಗೆ ಸುಲಭ. ಎರಡ್ರಲ್ಲಿ ನಾನು ಟ್ಯೂಬ್ ಕಡೆ, ಪ್ರತಿ ಪ್ರವಾಸಕ್ಕೂ ಹೊಸದಾಗಿ ಕೊಯ್ದುಕೊಂಡು ಹೋದ್ರೆ ಸಾಕು, ನಮ್ಮ ಮಳೆಗಾಲದ ಥಂಡಿ ಆಮೇಲೆ ಬೇಸಿಗೆ ಬಿಸಿಲು ಎರಡೂ ಕಂಡ ಹಳೇ ರಬ್ಬರ್ ಎಳೆದ ಕೂಡ್ಲೆ ತುಂಡಾಗತ್ತೆ. ಮೇಲೊಂದು ಕೆಳಗೊಂದು, ಎರಡು ಪಟ್ಟಿ. ಒಂದು ಮೀಟರ್ ಹೋಸ್ ಇರ್ಲಿ, ಎಡಗಡೆ ಟ್ಯಾಂಕಿಂದ ಕತ್ತಿನ ಹಿಂದೆ ಸುತ್ತಿ ಬರೋಕೆ ಅಷ್ಟು ಬೇಕು. ಪ್ರೆಶರ್ ಗೇಜಿಗೆ 15 ಸೆಂಟಿಮೀಟರಿನ ಗಿಡ್ಡ ಹೋಸು, ಮುಖ ನಿಮ್ಮ ಕಡೆಗೆ.

ಟ್ಯಾಂಕ್ ಮೇಲೆ ಬರಿಯೋ ಅಂಕಿನ ಅಸಡ್ಡೆ ಮಾಡೋರನ್ನ ನೋಡಿದ್ರೆ ನನಗೆ ತಡಿಯೋಕಾಗಲ್ಲ. ಆ ಗ್ಯಾಸ್ ಎಷ್ಟು ಮೀಟರ್‌ವರೆಗೆ ಅಂತ 21 ಅಥವಾ 6, ಬೆರಳುದ್ದದ ದೊಡ್ಡ ಅಂಕಿ, ಟ್ಯಾಂಕಿನ ಎರಡೂ ಮಗ್ಗುಲಲ್ಲಿ. ಬೆನ್ನಲ್ಲಿ ಟ್ಯಾಂಕ್ ಹೊರೋರ ಪಕ್ಕದ ಡೆಕೋ ಟ್ಯಾಂಕು ದೂರಕ್ಕೆ ಕಾಣತ್ತೆ, ಸೈಡ್‌ಮೌಂಟಲ್ಲಿ ಮೇನ್ ಟ್ಯಾಂಕಿಗೆ ಅಂಟ್ಕೊಂಡು ಅರ್ಧ ಮುಚ್ಚಿರತ್ತೆ, ಒಂದೇ ಕಡೆ ಬರೆದ್ರೆ ಆ ಕಡೆನೇ ಒಳಗೆ ಹೋಗಿರತ್ತೆ. ತುಂಬಿಸಿದ ಗ್ಯಾಸನ್ನ ನೀವೇ ಅನಲೈಸರಲ್ಲಿ ಅಳೆದು, ಶೇಕಡ ಎಷ್ಟು, ಯಾವ ದಿನ, ಯಾರು ಅಳೆದಿದ್ದು ಅಂತ ಟೇಪ್ ಅಂಟಿಸಿ. 40%ಗಿಂತ ಜಾಸ್ತಿ ಆಕ್ಸಿಜನ್ ಹೋಗೋ ಟ್ಯಾಂಕು, ವಾಲ್ವು, ರೆಗ್ಯುಲೇಟರ್ ಎಲ್ಲಾ ಆಕ್ಸಿಜನ್ ಕ್ಲೀನ್ ಆಗಿರ್ಬೇಕು, ಎಣ್ಣೆ ಗ್ರೀಸಿನ ಜಿಡ್ಡು ಇದ್ರೆ ವಾಲ್ವ್ ತೆರೆಯೋವಾಗ ಬೆಂಕಿನೇ ಹತ್ತಬಹುದು. ಟೂ-ವೀಲರ್ ಗ್ರೀಸ್ ಮುಟ್ಟಿದ ಕೈಯಲ್ಲಿ ಇದನ್ನ ಮುಟ್ಟಬೇಡಿ.

ಇಳಿಯೋ ಮುಂಚೆ ಡೆಕೋ ವಾಲ್ವ್ ತೆರೆದು ಹೋಸಿಗೆ ಗ್ಯಾಸ್ ತುಂಬಿಸಿ, ಮತ್ತೆ ಬಂದ್ ಮಾಡಿ. ಪೂರ್ತಿ ಖಾಲಿ ಬಿಟ್ರೆ ರೆಗ್ಯುಲೇಟರಿಗೆ ನೀರು ನುಗ್ಗತ್ತೆ, ತೆರೆದೇ ಬಿಟ್ರೆ ಗೊತ್ತಿಲ್ದೆ ಸೋರಿ ಹೋಗತ್ತೆ. ಬದಲಿಸೋ ಜಾಗಕ್ಕೆ ಬಂದಾಗ ಆಳ ನೋಡಿ, ಟ್ಯಾಂಕಿನ ಅಂಕಿ ಓದಿ, ವಾಲ್ವ್ ತೆರೆದು, ವಾಲ್ವಿಂದ ಬಾಯಿವರೆಗೂ ಹೋಸನ್ನ ಬೆರಳಲ್ಲಿ ಸವರ್ಕೊಂಡು ಬಂದು, ಜೊತೆಗಾರ ನೋಡಿ ತಲೆ ಆಡಿಸಿದ್ಮೇಲೆ ಮಾತ್ರ ಬಾಯಿಗೆ. ನಿಮ್ಮ ರಿಗ್ ಇಷ್ಟೂ ಮಾಡೋಕೆ ಜಾಗ ಕೊಡ್ತಿಲ್ಲ ಅಂದ್ರೆ ಆ ರಿಗ್ ಬದಲಿಸಿ.

ಅಭ್ಯಾಸ ಎಲ್ಲಿ

ಮೊದಲ ಅಭ್ಯಾಸ ಮನೆ ಅಂಗಳದಲ್ಲೇ. ಹಾರ್ನೆಸ್ ಹಾಕ್ಕೊಂಡು, ಬೆಂಚಿನ ಮೇಲೆ ಬೋರಲು ಮಲಗಿ, ಕಣ್ಣಿಗೆ ಬಟ್ಟೆ ಕಟ್ಕೊಂಡು ಕೊಕ್ಕೆ ಬಿಚ್ಚೋದು ಹಾಕೋದು, ಖಾಲಿ 40 ಸಾಕು. ಕೈಗೆ ಡಿ-ರಿಂಗ್ ಎಲ್ಲಿದೆ ಅಂತ ಗೊತ್ತಾಗೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಆಮೇಲೆ ಈಜುಕೊಳ. ಲಿಂಗನಮಕ್ಕಿ ಹಿನ್ನೀರು ಹತ್ರ ಇದೆಯಲ್ಲ ಅಂತ ಅನ್ನಿಸೋದು ಸಹಜ, ಆದ್ರೆ ಅನುಮತಿ ಇಲ್ದೆ ಜಲಾಶಯಕ್ಕೆ ಇಳಿಯೋ ಹಾಗಿಲ್ಲ, ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತಿವೆ, ಜೋಲಾಡೋ ಟ್ಯಾಂಕಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಅದ್ರ ತುಂಬಿದ ಮಟ್ಟ 1819 ಅಡಿ, ಅಂದ್ರೆ 554 ಮೀಟರ್, 300 ಮೀಟರ್ ದಾಟಿದ್ರೆ ಎತ್ತರದ ಲೆಕ್ಕ ಬೇರೆನೇ ಹಾಕ್ಬೇಕು, ಸಮುದ್ರಮಟ್ಟದ ಡೈವ್ ಟೇಬಲ್ (ಎಷ್ಟು ಆಳಕ್ಕೆ ಎಷ್ಟು ಹೊತ್ತು ಅನ್ನೋ ಪಟ್ಟಿ) ಅಲ್ಲಿ ನಡಿಯಲ್ಲ.

ನೇತ್ರಾಣಿಲಿ ನಡಿಯೋದು ಮಾಮೂಲಿ ಡೆಕೋ ಇಲ್ಲದ ಡೈವು, ಮಳೆಗಾಲ ಬಿಟ್ಟು. ಬೋಟಿನವ್ರು ಒಪ್ಪಿದ್ರೆ ಅಲ್ಲಿ ಮೂರನೇ ಟ್ಯಾಂಕಿಗೆ ಗಾಳಿ ತುಂಬಿಸ್ಕೊಂಡು ರಿಗ್ ಅಭ್ಯಾಸ ಮಾಡ್ಬಹುದು, ಆಗ ಟ್ಯಾಂಕ್ ಮೇಲಿನ 6 ಅನ್ನೋ ಅಂಕಿ ಕಿತ್ತು ಗಾಳಿ ಅಂತಾನೇ ಬರೀರಿ, ಒಳಗೆ ಏನಿದೆಯೋ ಅದೇ ಹೊರಗೆ ಇರ್ಬೇಕು. ಮತ್ತೆ ಮುರುಡೇಶ್ವರದಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಸಂಜೆಗೇ ಘಟ್ಟ ಹತ್ತೋ ನಮ್ಮ ಅಭ್ಯಾಸ ಬಿಡಬೇಕು. ವಿಮಾನ ಹತ್ತೋಕೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನೋ ಡೈವರ್‌ಗಳ ಸುರಕ್ಷತೆ ಸಂಸ್ಥೆ ಹೇಳೋ ಅಂತರ ಒಂದೇ ಡೈವಿಗೆ 12 ಗಂಟೆ, ಹಲವು ಡೈವ್ ಆಗಿದ್ರೆ 18 ಗಂಟೆ, ಡೆಕೋ ಡೈವ್ ಆದ್ರೆ 18ಕ್ಕಿಂತ ಸಾಕಷ್ಟು ಜಾಸ್ತಿ, ಅದು 2000 ಅಡಿ ಅಂದ್ರೆ 610 ಮೀಟರಿಂದ ಮೇಲಿನ ಎತ್ತರಕ್ಕೆ ಹಾಕಿರೋ ಲೆಕ್ಕ. ಸಾಗರ, ಶಿವಮೊಗ್ಗ ಅದಕ್ಕೆ ಸ್ವಲ್ಪವೇ ಕೆಳಗೆ, ಆಗುಂಬೆ ಅದನ್ನ ದಾಟತ್ತೆ. ಕಾರಲ್ಲಿ ಹೋಗ್ತೀವಿ ಅಂದ ಮಾತ್ರಕ್ಕೆ ರಕ್ತದಲ್ಲಿರೋ ನೈಟ್ರೋಜನ್ ಬೇರೆ ಥರ ವರ್ತಿಸಲ್ಲ, ಎರಡು ಮೂರು ಡೈವ್ ಆದ ದಿನ ರಾತ್ರಿ ಕೆಳಗೇ ಉಳ್ಕೊಂಡು, ರಿಗ್ ಎಲ್ಲಾ ಸಿಹಿನೀರಲ್ಲಿ ತೊಳೆದು ಕ್ಲ್ಯಾಂಪಿನ ಸ್ಕ್ರೂ, ಹಗ್ಗದ ಗಂಟು ಒಂದೊಂದಾಗಿ ನೋಡಿ, ಮಾರನೇ ದಿನ ಮಧ್ಯಾಹ್ನದ ಮೇಲೆ ಹೊರಡಿ.